ಪಂಚೆಯ ಅಂಚಿನ ಮೇಲೆ ಹುಂಜ

ಸಂಡೇ ಬಜಾರಿನಲ್ಲಿ, ಕುಕ್ಕರಿನ ಮುಚ್ಚಳ, ಒಂಟಿ ಬೂಟು,
ರೆಕ್ಕೆ ಮುರಿದ ಟೇಬಲ್ ಫ್ಯಾನುಗಳ ನಡುವೆ
ಚೌಡಪ್ಪ ಮಾಮನಿಗೆ ಸಿಕ್ಕಿತು ಆ ಪ್ರೊಜೆಕ್ಟರು.
ಮುನ್ನೂರು ಅಂದವನು ನೂರೆಂಬತ್ತಕ್ಕೆ ಇಳಿದ.
ಮೇಲೆ ಎರಡು ರೀಲು ಪುಕ್ಕಟೆ:
ಒಂದರಲ್ಲಿ ಏಣಿ ಹೊತ್ತ ಡುಮ್ಮ,
ಇನ್ನೊಂದರಲ್ಲಿ ಒಂದು ಹುಂಜ.

ಕಬ್ಬನ್‌ಪೇಟೆಯ ನಮ್ಮ ಓಣಿ ಎಂದರೆ
ಎರಡು ಕೈ ಚಾಚಿದರೆ ಎರಡು ಮನೆಯ ಗೋಡೆ.
ಹಗಲೆಲ್ಲ ಮಗ್ಗ: ಟಕಾ ಟಕ್, ಟಕಾ ಟಕ್.
ಶನಿವಾರ ರಾತ್ರಿ ಮಗ್ಗ ನಿಂತ ಮೇಲೆ
ಮಾಮನ ಮಿಷನ್ನು ಅದೇ ತಾಳ ಎತ್ತಿಕೊಳ್ಳುತ್ತಿತ್ತು.
ಅಜ್ಜಿ ಒಳಗಿಂದ ಕೂಗುವಳು:
"ಯಾವನೋ ಅದು, ಈ ಹೊತ್ತಲ್ಲಿ ನೇಯೋನು?"

ಪರದೆಗೆ ಮಾಮನ ಮದುವೆ ಪಂಚೆ,
ಕೆಂಪು ಅಂಚು ಕೆಳಗೆ ಬರುವಂತೆ ಕಟ್ಟಿದ್ದು.
ಹಾಗಾಗಿ ಆ ಹುಂಜ
ಯಾವ ದೇಶದ ಯಾವ ಪೆನ್ಸಿಲಿಗೆ ಹುಟ್ಟಿತ್ತೋ,
ನಮ್ಮಲ್ಲಿ ಮಾತ್ರ ಅಂಚಿನ ಮೇಲೇ ನಡೆಯುತ್ತಿತ್ತು
ಹಬ್ಬಕ್ಕೆ ಬಂದ ಹೊಸ ಅಳಿಯನ ಹಾಗೆ, ಎದೆ ಮುಂದೆ ಮಾಡಿ.

ಡುಮ್ಮನ ಕತೆ ಸಣ್ಣದು.
ಏಣಿ ಹೆಗಲಿಗೇರಿಸಿ ತಿರುಗುತ್ತಾನೆ,
ಪೊಲೀಸಿನವನ ಟೋಪಿ ಹಾರುತ್ತದೆ.
ಏನಾಯಿತೆಂದು ಈ ಕಡೆ ತಿರುಗಿದರೆ ಆ ಕಡೆ ಪಾದ್ರಿ ಮಕಾಡೆ.
ಕ್ಷಮಿಸಿ ಎನ್ನಲು ಬಗ್ಗಿದರೆ ಸುಣ್ಣದ ಡಬ್ಬ.
ಇಪ್ಪತ್ತು ಸಲ ನೋಡಿದ್ದರೂ ಇಪ್ಪತ್ತೊಂದನೆಯದಕ್ಕೆ
ಜಲಜಾ ಎದ್ದು ನಿಂತು ಕಿರುಚುವಳು:
"ತಿರುಗಬೇಡ್ವೋ, ತಿರುಗಬೇಡ!"
ಅವನು ತಿರುಗುತ್ತಿದ್ದ.
ಕನ್ನಡ ಬರದು, ಪಾಪ.

ಮುಗಿದ ಮೇಲೆ ಮಾಮ ಸ್ವಿಚ್ಚು ಒತ್ತಿ
ಅದನ್ನೇ ಹಿಂದುಮುಂದಾಗಿ ಓಡಿಸುತ್ತಿದ್ದ.
ಸುಣ್ಣ ಮೈ ಬಿಟ್ಟು ಡಬ್ಬಕ್ಕೆ ವಾಪಸು.
ಪಾದ್ರಿ ನೆಲದಿಂದ ಚಿಮ್ಮಿ ನೆಟ್ಟಗೆ.
ಟೋಪಿ ಹಾರಿ ಬಂದು, ತನ್ನ ತಲೆ ಹುಡುಕಿಕೊಂಡು, ಕೂತಿತು.
ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದಳು, ಸೆರಗಿನಲ್ಲಿ ಕೈ ಒರೆಸುತ್ತ:
"ಇದು ಚೆನ್ನಾಗಿದೆ. ಇನ್ಮೇಲೆ ಇದನ್ನೇ ಮೊದಲು ತೋರಿಸು."

ಹುಂಜದ್ದು ಬೇರೆ ತಾಪತ್ರಯ.
ನರಿ ಅಟ್ಟಿಸಿಕೊಂಡು ಬರುತ್ತದೆ, ಹುಂಜ ಹೆಂಚಿನ ಮೇಲೆ ಓಡುತ್ತದೆ,
ಹೆಂಚು ಮುಗಿದರೂ ಓಡುತ್ತದೆ,
ಬರೀ ಗಾಳಿಯಲ್ಲಿ ಹತ್ತು ಹೆಜ್ಜೆ.
ನಿಲ್ಲುತ್ತದೆ.
ನಮ್ಮ ಕಡೆ ನೋಡುತ್ತದೆ.
ಏನೋ ಅನುಮಾನ ಬಂದು ಕತ್ತು ಬಗ್ಗಿಸುತ್ತದೆ,
ಅಷ್ಟೇ. ರೀಲು ಅಲ್ಲಿಗೆ ತುಂಡು.
ಪಂಚೆಯ ಮೇಲೆ ಬರೀ ಬೆಳಕು, ಒಂದು ನುಸಿ.

ಮುಂದೇನು?
ಕೆಳಗೆ ಹುಲ್ಲಿನ ಗಾಡಿ ಇರುತ್ತೆ, ಅಂದಳು ಜಲಜಾ.
ಮಿಲ್ಟ್ರಿ ಹೋಟೆಲಿನ ತುಕ್ಕೋಜಿರಾಯರ ಮಗ
ಕೆಳಗೆ ನಮ್ಮಪ್ಪನ ಹಂಡೆ ಇರುತ್ತೆ ಅಂದ;
ಒಂದು ವಾರ ಅವನ ಜತೆ ಯಾರೂ ಗೋಲಿ ಆಡಲಿಲ್ಲ.
ರೆಕ್ಕೆ ಇದೆಯಲ್ಲ, ಹಾರುತ್ತೆ, ಅಂದೆ ನಾನು.
ಎಲ್ಲರೂ ನನ್ನನ್ನೇ ನೋಡಿದರು.
ರೆಕ್ಕೆಯ ವಿಷಯ ಯಾರಿಗೂ ಹೊಳೆದಿರಲಿಲ್ಲ.
ಹುಂಜಕ್ಕೂ ಹೊಳೆದಿರಲಿಲ್ಲ, ಅದೇ ಕಷ್ಟ.

ಮೊನ್ನೆ ಅವೆನ್ಯೂ ರಸ್ತೆಯಲ್ಲಿ ಪೈಪಿಗೆಂದು ಅಗೆದ ಗುಂಡಿಗೆ
ಎಪ್ಪತ್ತೆಂಟರ ಮಾಮ ಬಿದ್ದ.
ಹಳೇ ಪುಸ್ತಕದಂಗಡಿಯವನು ಮೊದಲು ನಕ್ಕು,
ಆಮೇಲೆ ಓಡಿ ಬಂದು ಎತ್ತಿದನಂತೆ.
"ಅವನದೇನು ತಪ್ಪು, ನನಗೂ ನಗು ಬಂತು" ಅಂದ ಮಾಮ,
ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಸರಿಮಾಡಿಕೊಳ್ಳುತ್ತ.
"ಹಿಂದಕ್ಕೆ ಓಡಿಸೋ ಸ್ವಿಚ್ಚೇ ಸಿಗಲಿಲ್ಲ ನೋಡು."

ಹೊತ್ತು ಹೋಗಲೆಂದು ಮೊಬೈಲಿನಲ್ಲಿ ಹುಡುಕುತ್ತ ಕೂತೆ.
ಮೂರನೇ ದಿನ ಸಿಕ್ಕೇಬಿಟ್ಟಿತು ಹುಂಜ,
ಗೀರಿಲ್ಲದೆ, ಧೂಳಿಲ್ಲದೆ, ಪೂರ್ತಿ.
ಕತ್ತು ಬಗ್ಗಿಸುತ್ತದೆ. ಬೀಳುತ್ತದೆ.
ಬಿದ್ದು ಮಂಚದ ಕೆಳಗೆ ಎಚ್ಚರಾಗುತ್ತದೆ.
ಕನಸಂತೆ.

ಮಾಮ ಕನ್ನಡಕ ಮೇಲೇರಿಸಿ ಎರಡು ಸಲ ನೋಡಿದ.
ಮೊಬೈಲು ವಾಪಸು ಕೊಟ್ಟ.
"ಇದಲ್ಲ ಕಣೋ. ಹೋಲಿಕೆ ಇದೆ,
ಅಣ್ಣನೋ ತಮ್ಮನೋ ಇರಬೇಕು.
ನಮ್ಮದರ ಕಾಲಡಿ ಕೆಂಪು ಅಂಚಿತ್ತು."